ತಲೆಕಟ್ಟಿನ ತೂಕ: ದಪ್ಪ ಕನ್ನಡ ಅಕ್ಷರದ ಒಂದು ಚರಿತ್ರೆ

ಸೀವುಡ್ಸ್–ದಾರಾವೆ ರೈಲು ನಿಲ್ದಾಣದ ಫಲಕದಲ್ಲಿ ದೇವನಾಗರಿ ಇದೆ, ಇಂಗ್ಲಿಷ್ ಇದೆ. ಅಲ್ಲಿ ಕನ್ನಡ ಇರಬೇಕಾದ ಕಾರಣವಿಲ್ಲ. ಇಲ್ಲವೆಂಬ ದೂರೂ ನನ್ನದಲ್ಲ. ಆದರೆ ಹೊರನಾಡಿನಲ್ಲಿ ಬಹುಕಾಲ ಬದುಕಿದವರ ಕಣ್ಣಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಜನಜಂಗುಳಿಯ ನಡುವೆ ಎಲ್ಲಿಯಾದರೂ ಒಂದು ಕನ್ನಡ ಅಕ್ಷರ ಕಂಡರೆ ದೃಷ್ಟಿ ತಾನಾಗಿ ಅಲ್ಲಿಗೆ ಹೋಗಿ ನಿಲ್ಲುತ್ತದೆ. 2022ರ ಮಾರ್ಚ್ 27ರಂದು ನೆರೂಳಿನ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡ ಪಂಜಾಬಿನ ಎದುರು ಆಡಿ, 205 ರನ್ ಹೊಡೆದೂ ಸೋತಿತು. ಆ ಸಂಜೆ ನನ್ನ ನೆನಪಿನಲ್ಲಿ ಉಳಿದದ್ದು ಸೋಲಿಗಿಂತ ಹೆಚ್ಚಾಗಿ ಪ್ರೇಕ್ಷಕರ ಸಾಲಿನಲ್ಲಿ ಯಾರೋ ಎತ್ತಿ ಹಿಡಿದಿದ್ದ ಒಂದು ರಟ್ಟು. ‘ಈ ಸಲ ಕಪ್ ನಮ್ದೇ’ ಎಂಬ ಮಾತನ್ನು ದಪ್ಪನೆಯ ಮಾರ್ಕರಿನಲ್ಲಿ ಎರಡೆರಡು ಬಾರಿ ತಿದ್ದಿ ಬರೆದಿದ್ದರು. ದೂರದಿಂದಲೇ ಓದಿಸಿಕೊಳ್ಳುವ ಅಕ್ಷರ ಅದು.

ಅದಾದ ಕೆಲವು ಕಾಲಕ್ಕೆ ನಮ್ಮ ಬಳಗದ ಹುಡುಗರು ತಮ್ಮದೇ ಒಂದು ಕ್ರಿಕೆಟ್ ಪಂದ್ಯಾವಳಿ ನಡೆಸಿದರು. ತಂಡವೊಂದಕ್ಕೆ ‘ಮಹಾರಥಿ’ ಎಂದು ಹೆಸರು. ಅಂಗಿಯ ಎದೆಯ ಮೇಲೆ ಇಂಗ್ಲಿಷಿನಲ್ಲಿ ಹಳೆಯ ಕಾಲೇಜು ತಂಡಗಳ ಮಾದರಿಯ, ಅಡಿಪಟ್ಟಿಯುಳ್ಳ ದಪ್ಪ ಸೆರಿಫ್ ಅಕ್ಷರ. ಅದರ ಕೆಳಗೆ ಅದೇ ದಪ್ಪಕ್ಕೆ ಹೊಂದುವಂತೆ ಕನ್ನಡ. ಇಂಗ್ಲಿಷ್ ಸೊಗಸಾಗಿ ಬಂದಿತ್ತು. ಕನ್ನಡದಲ್ಲಿ ‘ಥ’ಕಾರದ ಹೊಟ್ಟೆಯೊಳಗಿನ ಚುಕ್ಕೆ ಮಸಿಯಲ್ಲಿ ಮುಚ್ಚಿಹೋಗಿ ‘ಮಹಾರಧಿ’ ಎಂದಾಗಿತ್ತು. ಆರನೆಯ ತರಗತಿಯ ನನ್ನ ಮೊಮ್ಮಗ ಅಂಗಿ ತೊಟ್ಟುಕೊಂಡು ಬಂದು, “ಅಜ್ಜ, ಇದ್ರಲ್ಲಿ ಎಂತ ಬರ್ದದ್ದು?” ಎಂದು ಕೇಳಿದ. ಶಾಲೆಯಲ್ಲಿ ಅವನಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಇವೆ. ಕನ್ನಡ ಕಿವಿಯಲ್ಲಿದೆ, ಕಣ್ಣಿನಲ್ಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಬೇಕೋ, ಇರಬೇಕಾದದ್ದನ್ನು ಹೇಳಬೇಕೋ ತಿಳಿಯದೆ ಒಂದು ಕ್ಷಣ ಸುಮ್ಮನಾದೆ. ಈ ಬರಹ ಆ ಕ್ಷಣದಿಂದ ಹುಟ್ಟಿದ್ದು.

ಕ್ರೀಡೆಗೂ ಪರಂಪರೆಯ ಲಾಂಛನಗಳಿಗೂ ಇಂದು ಜಗತ್ತಿನಾದ್ಯಂತ ಬಳಕೆಯಾಗುವ ದಪ್ಪ ಸೆರಿಫ್ ಅಕ್ಷರಗಳಿಗೆ ಒಂದು ನಿಶ್ಚಿತ ಹುಟ್ಟೂರಿದೆ. ಅದು ಹತ್ತೊಂಬತ್ತನೆಯ ಶತಮಾನದ ಆರಂಭದ ಲಂಡನ್. ಅದುವರೆಗೆ ಅಚ್ಚುಮೊಳೆಯ ಕೆಲಸ ಪುಸ್ತಕವನ್ನು ಓದಿಸುವುದಷ್ಟೇ ಆಗಿತ್ತು. ಲಾಟರಿಯ ಜಾಹೀರಾತು, ಗಾಡಿಗಳ ವೇಳಾಪಟ್ಟಿ, ಹರಾಜಿನ ಪ್ರಕಟಣೆ ಇವೆಲ್ಲ ಬೀದಿಯ ಗೋಡೆಗೆ ಏರಿದಾಗ ನಡೆದುಹೋಗುವವನನ್ನು ತಡೆದು ನಿಲ್ಲಿಸುವ ಅಕ್ಷರ ಬೇಕಾಯಿತು. ರಾಬರ್ಟ್ ಥಾರ್ನ್ ಎಂಬ ಮೊಳೆಗಾರ ಅಕ್ಷರದ ದಪ್ಪ ಗೆರೆಗಳನ್ನು ಉಬ್ಬಿಸಿ ‘ಫ್ಯಾಟ್ ಫೇಸ್’ ಎಂಬ ಮಾದರಿಯನ್ನು ತಂದ. 1815ರ ಸುಮಾರಿಗೆ ವಿನ್ಸೆಂಟ್ ಫಿಗಿನ್ಸ್ ಅಕ್ಷರದ ತುದಿಗಳಿಗೆ ಇಟ್ಟಿಗೆಯಂತಹ ಚೌಕ ಪಾದಗಳನ್ನು ಕೊಟ್ಟ. 1845ರಲ್ಲಿ ರಾಬರ್ಟ್ ಬೆಸ್ಲಿಯ ಕಾರ್ಖಾನೆಯಿಂದ ‘ಕ್ಲಾರೆಂಡನ್’ ಹೊರಬಂತು. ವಿನ್ಯಾಸದ ಹಕ್ಕಿಗಾಗಿ ಕಾನೂನಿನಡಿ ನೋಂದಣಿಯಾದ ಆ ಅಕ್ಷರಕ್ಕೆ ದೊರೆತ ರಕ್ಷಣೆ ಮೂರೇ ವರ್ಷ. ಅದು ಮುಗಿದೊಡನೆ ಉಳಿದವರೆಲ್ಲ ನಕಲು ಮಾಡಿದರು. ಅಮೆರಿಕದ ಕಾಲೇಜು ತಂಡಗಳ ಅಂಗಿಯ ಮೇಲೆ ಕಾಣುವ ಮೂಲೆ ಕತ್ತರಿಸಿದ ಅಕ್ಷರಗಳೂ ಇದೇ ಬಳಗದವು. ನಾವು ‘ಹಳೆಯ ಘನತೆ’ ಎಂದು ಭಾವಿಸುವ ಈ ರೂಪ ಹುಟ್ಟಿದ್ದು ಮಾರಾಟದ ಗದ್ದಲದಲ್ಲಿ ಎಂಬುದು ನೆನಪಿಡಬೇಕಾದ ಮಾತು.

ಹಾಗಾದರೆ ಕನ್ನಡದ ದಪ್ಪ ಅಕ್ಷರಕ್ಕೆ ಹುಟ್ಟೂರು ಯಾವುದು? ಅದನ್ನು ಹುಡುಕಲು ಅಚ್ಚುಕೂಟದ ಹಿಂದೆ ಕಲ್ಲಿನವರೆಗೆ ಹೋಗಬೇಕಾಗುತ್ತದೆ.

ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರು ಒಂದು ಸ್ತಂಭವಿದೆ. ಕದಂಬ ಶಾಂತಿವರ್ಮನ ಕಾಲದ, ಐದನೆಯ ಶತಮಾನದ ಸಂಸ್ಕೃತ ಶಾಸನ ಅದರ ಮೇಲಿದೆ. ಮಯೂರಶರ್ಮ ಕಂಚಿಯಲ್ಲಿ ಅವಮಾನಿತನಾಗಿ ಶಸ್ತ್ರ ಹಿಡಿದ ಕಥೆ ನಮಗೆ ದೊರೆತದ್ದು ಈ ಕಲ್ಲಿನಿಂದ. ಆದರೆ ಇಲ್ಲಿ ನಮಗೆ ಬೇಕಾದದ್ದು ಅಕ್ಷರಗಳ ತಲೆ. ಪ್ರತಿ ಅಕ್ಷರದ ನೆತ್ತಿಯ ಮೇಲೂ ಒಂದೊಂದು ಪುಟ್ಟ ಚೌಕ ಪೆಟ್ಟಿಗೆ. ಲಿಪಿಶಾಸ್ತ್ರಜ್ಞರು ಇದನ್ನು ಪೇಟಿಕಾಶೀರ್ಷ ಲಿಪಿ ಎನ್ನುತ್ತಾರೆ. ದಖ್ಖನ್ನಿನ ವಾಕಾಟಕರ ತಾಮ್ರಪಟಗಳಲ್ಲಿಯೂ ಇದೇ ಬಗೆ ಕಾಣುತ್ತದೆ; ಅಂದರೆ ಇಂದಿನ ಮಹಾರಾಷ್ಟ್ರ ಮತ್ತು ಕರ್ನಾಟಕಗಳು ಆ ಕಾಲದಲ್ಲಿ ಒಂದೇ ಅಕ್ಷರಶೈಲಿಯನ್ನು ಹಂಚಿಕೊಂಡಿದ್ದವು. ಉಳಿಯಿಂದ ಚೌಕವನ್ನು ಕೆತ್ತುವುದು ಕೇವಲ ಶ್ರಮ. ಓದಿಗೆ ಅದು ಅಗತ್ಯವಿರಲಿಲ್ಲ. ಆದರೂ ಕೆತ್ತಿದರು, ಏಕೆಂದರೆ ಅದು ರಾಜವಂಶವೊಂದು ತನ್ನ ಹೆಸರನ್ನು ಲೋಕದ ಮುಂದಿಡುವ ಬರಹ. ಕಾವ್ಯವನ್ನು ರಚಿಸಿದ ಕುಬ್ಜ ಕವಿ ತಾನೇ ಅದನ್ನು ಕಲ್ಲಿನ ಮೇಲೆ ಬರೆದನೆಂದು ಶಾಸನವೇ ಹೇಳುತ್ತದೆ. ಕವಿಯೂ ಅಕ್ಷರವಿನ್ಯಾಸಕನೂ ಒಬ್ಬನೇ ಆಗಿದ್ದ ಅಪರೂಪದ ನಿದರ್ಶನವಿದು.

ಮುಂದೆ ಈ ಪೆಟ್ಟಿಗೆಗಳು ಕರಗಿದವು. ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಎಂದು ಶತಮಾನಗಳು ಉರುಳಿದಂತೆ ಅಕ್ಷರದ ಮೈ ದುಂಡಗಾಯಿತು. ತಲೆಯ ಮೇಲಿನ ಗುರುತು ಅಗಲವಾಗಿ, ಬಲಕ್ಕೆ ಚಾಚಿ, ಕೊನೆಗೆ ಇಂದು ನಾವು ತಲೆಕಟ್ಟು ಎನ್ನುವ ರೂಪಕ್ಕೆ ಬಂತು. ಹೊಯ್ಸಳರ ಕಾಲದ ಶಾಸನಗಳಲ್ಲಿ ಅಕ್ಷರಗಳು ದೇವಾಲಯದ ಬಳ್ಳಿಸುರುಳಿಗಳಿಗೆ ಸ್ಪರ್ಧೆ ಕೊಡುವಷ್ಟು ಅಲಂಕೃತವಾಗಿವೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬದಿಯಲ್ಲಿಯಂತೂ ಚಾವುಂಡರಾಯ ಮಾಡಿಸಿದನೆಂಬ ಮಾತು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮರಾಠಿಯಲ್ಲಿಯೂ ಇದೆ. ಬೆಟ್ಟ ಹತ್ತಿ ಬಂದ ಯಾತ್ರಿಕ ಯಾವ ನಾಡಿನವನಾದರೂ ಓದಬೇಕೆಂದು ಬರೆಸಿದ ಒಕ್ಕಣೆ ಅದು. ಮಹಾರಾಷ್ಟ್ರದಲ್ಲಿ ಬಾಳುತ್ತಿರುವ ನಮಗೆ ಆ ನೆರೆಹೊರೆ ವಿಶೇಷವಾಗಿ ಪ್ರಿಯವಾಗಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರೋಮನ್ ಅಕ್ಷರದ ಸೆರಿಫ್ ಒಂದು ಅಲಂಕಾರ. ಅದನ್ನು ಕತ್ತರಿಸಿ ಹಾಕಿದರೂ ಅಕ್ಷರ ಅದೇ ಅಕ್ಷರ. ಹಾಗೆ ಕತ್ತರಿಸಿದ ಅಕ್ಷರಗಳೇ ಇಂದು ದೂರವಾಣಿಯ ಪರದೆಗಳಲ್ಲಿ ತುಂಬಿವೆ. ಕನ್ನಡದ ತಲೆಕಟ್ಟು ನೋಟಕ್ಕೆ ಸೆರಿಫ್‌ನ ಸೋದರನಂತಿದ್ದರೂ ಅದಕ್ಕೆ ವ್ಯಾಕರಣದ ಹೊಣೆಯಿದೆ. ಹಳೆಯ ಮಗ್ಗಿ ಪುಸ್ತಕದ ಕ್ರಮದಲ್ಲಿ ಹೇಳುವುದಾದರೆ, ಕಕಾರಕ್ಕೆ ತಲೆಕಟ್ಟು ಕೊಟ್ಟರೆ ಕ, ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ, ಕೊಂಬು ಕೊಟ್ಟರೆ ಕು. ಅಂದರೆ ತಲೆಕಟ್ಟು ಅಕಾರದ ಚಿಹ್ನೆ. ಸ್ವರ ಬದಲಾದಾಗ ಅದೂ ಬದಲಾಗುತ್ತದೆ. ಇಷ್ಟಾಗಿಯೂ ಎಲ್ಲ ಅಕ್ಷರಗಳಿಗೂ ಅದಿಲ್ಲ: ಖ, ಜ, ಟ, ಣ, ಬ, ಲ ಇವು ತಲೆಕಟ್ಟಿಲ್ಲದೆಯೇ ನಿಲ್ಲುತ್ತವೆ. ಆದ್ದರಿಂದ ‘ಕನ್ನಡಕ್ಕೂ ಒಂದು ದಪ್ಪ ಸೆರಿಫ್ ಹಾಕಿ’ ಎಂದು ಹೇಳುವುದು ಸುಲಭ. ಮಾಡುವವನು ಮಾತ್ರ ತಲೆಯ ಮೇಲೆ ಎಷ್ಟು ತೂಕ ಹೇರಬಹುದು, ಗುಡಿಸಿನ ಸುರುಳಿಗೆ ಎಷ್ಟು ಉಳಿಸಬೇಕು ಎಂದು ಪ್ರತಿ ಅಕ್ಷರದಲ್ಲಿಯೂ ಲೆಕ್ಕ ಹಾಕಬೇಕಾಗುತ್ತದೆ.

ತೂಕದ ಸಮಸ್ಯೆ ತಲೆಯಲ್ಲಿಯೇ ಮುಗಿಯುವುದಿಲ್ಲ. ನಮ್ಮ ಮಹಾಪ್ರಾಣಗಳನ್ನು ನೋಡಿ. ಪ–ಫ, ಡ–ಢ, ದ–ಧ ಈ ಜೋಡಿಗಳಲ್ಲಿ ವ್ಯತ್ಯಾಸವೆಂದರೆ ಅಡಿಯಲ್ಲಿನ ಒಂದು ಪುಟ್ಟ ಸೀಳು. ಧಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆಯಿಟ್ಟರೆ ಥಕಾರ. ಗೆರೆ ದಪ್ಪವಾದಂತೆ ಒಳಗಿನ ಬಯಲು ಕಿರಿದಾಗುತ್ತದೆ, ಸೀಳು ಮುಚ್ಚುತ್ತದೆ, ಚುಕ್ಕೆ ಗೋಡೆಗೆ ಅಂಟುತ್ತದೆ. ಅದರ ಮೇಲೆ ಒತ್ತಕ್ಷರಗಳು. ರೋಮನ್ ಅಕ್ಷರ ಒಂದೇ ಸಾಲಿನಲ್ಲಿ ನಡೆಯುತ್ತದೆ; ಕನ್ನಡ ಅಕ್ಷರಕ್ಕೆ ನೆಲಮಾಳಿಗೆಯೂ ಉಂಟು. ‘ರಾಷ್ಟ್ರ’ ಎಂಬ ಒಂದು ಪದವನ್ನು ಅಂಗಿಯ ಎದೆಗೆ ಹೊಂದಿಸಬೇಕಾದರೆ ಷಕಾರದ ಕೆಳಗೆ ಟಕಾರ, ರಕಾರಗಳ ಒತ್ತುಗಳಿಗೆ ಜಾಗ ಬೇಕು. ಎತ್ತರವನ್ನು ಇಂಗ್ಲಿಷಿನ ಸಾಲಿಗೆ ಸರಿಗಟ್ಟಿಸಲು ಹೋದರೆ ಒತ್ತು ನವೆಯುತ್ತದೆ. ಒತ್ತಿಗೆ ನ್ಯಾಯ ಕೊಟ್ಟರೆ ಮೂಲಾಕ್ಷರ ಕುಗ್ಗುತ್ತದೆ. ನಮ್ಮ ಹುಡುಗರ ಅಂಗಿಯ ಮೇಲೆ ಕೆಟ್ಟದ್ದು ಮುದ್ರಕನ ಅಲಕ್ಷ್ಯದಿಂದ ಮಾತ್ರವಲ್ಲ. ದಪ್ಪ ರೂಪವನ್ನು ಪ್ರತ್ಯೇಕವಾಗಿ ಬರೆದಿರದ ಅಕ್ಷರವನ್ನು ತಂತ್ರಾಂಶ ತಾನೇ ಸುತ್ತಲೂ ಉಬ್ಬಿಸಿದರೆ ಆಗುವುದೇ ಹೀಗೆ. ಬಾವು ಬಂದ ಕೈಯನ್ನು ಬಲಿಷ್ಠ ಕೈ ಎಂದು ತಿಳಿದ ಹಾಗೆ.

ಈ ಕೊರತೆಗೆ ಐತಿಹಾಸಿಕ ಕಾರಣಗಳಿವೆ. ಕಲ್ಲಿನ ಹೊರಗೆ ಕನ್ನಡ ಬಹುಕಾಲ ಬಾಳಿದ್ದು ತಾಳೆಗರಿಯ ಮೇಲೆ. ಕಂಠದಿಂದ ಗರಿಯನ್ನು ಕೊರೆದು ಮಸಿ ತುಂಬುವ ಬರಹದಲ್ಲಿ ಗೆರೆ ಎಲ್ಲೆಡೆ ಒಂದೇ ತೆಳುವು. ಅಲ್ಲಿ ದಪ್ಪ–ತೆಳುವಿನ ಆಟಕ್ಕೆ ಅವಕಾಶವಿಲ್ಲ. ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದ ಕಡತದ ಬಟ್ಟೆಯ ಮೇಲೆ ಬಳಪದಿಂದ ಬರೆದ ಲೆಕ್ಕಪತ್ರಗಳಲ್ಲಿ ಗೆರೆ ಸ್ವಲ್ಪ ಅಗಲವಾಯಿತು, ಅಷ್ಟೆ. ಅಚ್ಚು ಬಂದಾಗ ಮೊಳೆ ಕೊರೆಯುವವರ ಮುಂದಿದ್ದದ್ದು ಈ ಕೈಬರಹ. ಬಂಗಾಳದ ಶ್ರೀರಾಮಪುರದಲ್ಲಿ ಪಂಚಾನನ ಕರ್ಮಕಾರ ಮತ್ತು ಅವನ ಅಳಿಯ ಮನೋಹರ ಬೆಳೆಸಿದ ಮೊಳೆಯ ಕಮ್ಮಟ ಭಾರತದ ಹಲವು ಲಿಪಿಗಳಿಗೆ ಅಚ್ಚು ಕೊಟ್ಟಿತು. 1812ರ ಮಾರ್ಚ್ ತಿಂಗಳ ಬೆಂಕಿ ಆ ಅಚ್ಚುಕೂಟವನ್ನು ಸುಟ್ಟಿತು. ಮತ್ತೆ ಕಟ್ಟಿಕೊಂಡು, 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಲ್ಲಿಂದ ಹೊರಬಂತು. ಕನ್ನಡ ಮೊಳೆಗಳ ಆರಂಭಕಾಲದ ಮುಖ್ಯ ಗುರುತು ಅದು.

ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1841ರಲ್ಲಿ ಅಚ್ಚುಕೂಟ ಆರಂಭಿಸಿದಾಗ ಹಿಡಿದದ್ದು ಕಲ್ಲಚ್ಚಿನ ದಾರಿಯನ್ನು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕಲ್ಲಚ್ಚಿನಲ್ಲಿ ಒಂದು ಸ್ವಾತಂತ್ರ್ಯವಿದೆ: ಅಲ್ಲಿ ಅಕ್ಷರ ಸೀಸದ ಗುಲಾಮನಲ್ಲ. ಬರೆಯುವವನ ಕೈ ಎಷ್ಟು ದಪ್ಪ ಬಯಸಿತೋ ಅಷ್ಟು ದಪ್ಪ. ಮೊಳೆಯ ಯುಗ ನೆಲೆಯೂರಿದ ಮೇಲೆ ಆ ಸ್ವಾತಂತ್ರ್ಯ ಕುಗ್ಗಿತು. ಇಂಗ್ಲಿಷಿನ ಒಂದು ಅಳತೆಯ ಮೊಳೆಗಳನ್ನು ಹೊಂದಿಸಲು ನೂರರ ಆಸುಪಾಸಿನ ಅಚ್ಚುಗಳು ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರಗಳು ಸೇರಿ ಅದರ ಹಲವು ಪಟ್ಟು ಬೇಕು. ಓದುವ ಅಳತೆಯ ಮೊಳೆಗೇ ಅಷ್ಟು ಖರ್ಚಾದಾಗ ತಲೆಬರಹಕ್ಕೆಂದು ಇನ್ನೊಂದು ದಪ್ಪ ಕುಟುಂಬವನ್ನು ಎರಕ ಹೊಯ್ಯಿಸುವವರು ವಿರಳ. 1894ರಲ್ಲಿ ಅದೇ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ಕನ್ನಡ ಮೊಳೆಯ ಓದುವ ರೂಪ ಎಷ್ಟು ಪಕ್ವವಾಗಿತ್ತೆಂದು ತೋರಿಸುತ್ತದೆ. ಕೂಗಿ ಕರೆಯುವ ರೂಪ ಮಾತ್ರ ಅಚ್ಚುಕೂಟದ ಹೊರಗೆ, ನಾಟಕ ಕಂಪನಿಯ ಪರದೆ ಬರೆಯುವವನ, ಅಂಗಡಿಯ ಬೋರ್ಡು ಬರೆಯುವವನ ಕುಂಚದಲ್ಲಿ ಬೆಳೆಯಿತು. ಚಪ್ಪಟೆ ಕುಂಚದಿಂದ ಬರೆದು, ಅಂಚಿಗೆ ನೆರಳು ಕೊಟ್ಟು, ಒತ್ತನ್ನು ಪಕ್ಕಕ್ಕೆ ಸರಿಸಿ, ಮುಚ್ಚಿಹೋಗುವ ಸೀಳನ್ನು ಬೇಕೆಂದೇ ಅಗಲಿಸಿ ಅವರು ಕಂಡುಕೊಂಡ ಉಪಾಯಗಳೇ ಕನ್ನಡದ ದಪ್ಪ ಅಕ್ಷರದ ನಿಜವಾದ ಪಾಠಶಾಲೆ. ಆ ಕೈಗಳ ಹೆಸರು ಯಾವ ನಿಘಂಟಿನಲ್ಲಿಯೂ ಇಲ್ಲ.

ಮುಂಬಯಿಗೆ ಬಂದರೆ ಕಥೆ ಇನ್ನೊಂದು ತಿರುವು ಪಡೆಯುತ್ತದೆ. 1869ರಲ್ಲಿ ಜಾವಜಿ ದಾದಾಜಿ ಇಲ್ಲಿ ನಿರ್ಣಯಸಾಗರ ಮುದ್ರಣಾಲಯ ತೆರೆದರು. ರಾಣೋಜಿ ರಾವಜಿ ಆರೂ ಅವರ ಕೈಯಲ್ಲಿ ಮೂಡಿದ ಅಲ್ಲಿನ ದೇವನಾಗರಿ ಮೊಳೆಗಳು ಸಂಸ್ಕೃತ ಗ್ರಂಥಗಳಿಗೆ ಪ್ರಮಾಣವೆನಿಸಿದವು. ಮರಾಠಿಯ ಅಕ್ಷರವಿನ್ಯಾಸಕ್ಕೆ ಈ ಊರು ತವರು. ಆಶ್ಚರ್ಯವೆಂದರೆ ನಮ್ಮ ಕಾಲದಲ್ಲಿ ಕನ್ನಡದ ಅಕ್ಷರಕ್ಕೂ ಇದೇ ಊರು ಆಸರೆಯಾದದ್ದು. ಮರಾಠಿ ಕವಿ, ಕ್ಯಾಲಿಗ್ರಾಫರ್, ಐಐಟಿ ಬಾಂಬೆಯ ವಿನ್ಯಾಸ ಕೇಂದ್ರದಲ್ಲಿ ಅಧ್ಯಾಪಕರಾಗಿದ್ದ ಆರ್. ಕೆ. ಜೋಶಿ ಅವರು ಜುಹೂವಿನ ಎನ್‌ಸಿಎಸ್‌ಟಿ ಸಂಸ್ಥೆಯಲ್ಲಿದ್ದಾಗ ಮೈಕ್ರೋಸಾಫ್ಟ್‌ಗಾಗಿ ಭಾರತೀಯ ಲಿಪಿಗಳ ಫಾಂಟುಗಳನ್ನು ರೂಪಿಸಿದರು. ಅವುಗಳಲ್ಲಿ ಕನ್ನಡದ್ದು ‘ತುಂಗಾ’. ವಿಂಡೋಸ್ ಎಕ್ಸ್‌ಪಿಯೊಂದಿಗೆ ಅದು ಬಂದಾಗ ಅಮೆರಿಕದಿಂದ ಅಬುಧಾಬಿಯವರೆಗೆ ಕನ್ನಡಿಗರ ಗಣಕಗಳಲ್ಲಿ ಯಾವ ಹೆಚ್ಚುವರಿ ತಂತ್ರಾಂಶವೂ ಇಲ್ಲದೆ ಕನ್ನಡ ಕಂಡಿತು. ಕನ್ನಡ ನದಿಯೊಂದರ ಹೆಸರು ಹೊತ್ತ ಅಕ್ಷರವನ್ನು ಬರೆಸಿದವರು ಮರಾಠಿಗರು. 2008ರಲ್ಲಿ ಜೋಶಿ ತೀರಿಕೊಂಡಾಗ ನಮ್ಮಲ್ಲಿ ಎಷ್ಟು ಮಂದಿ ಅವರನ್ನು ನೆನೆದೆವು?

ಅವರ ನಂತರದ ಪೀಳಿಗೆಯ ಕೆಲಸವೂ ಮುಂಬಯಿಯಿಂದಲೇ ಬಂತು. ಇಲ್ಲಿನ ಏಕ್ ಟೈಪ್ ಬಳಗ ಹೊರತಂದ ‘ಬಲೂ’ ಎಂಬ ದುಂಡು ದಪ್ಪ ಫಾಂಟಿಗೆ ಪ್ರತಿ ಲಿಪಿಯಲ್ಲಿಯೂ ಒಂದೊಂದು ನಂಟಿನ ಹೆಸರಿದೆ: ಗುಜರಾತಿಗೆ ಭಾಯ್, ಮಲಯಾಳಕ್ಕೆ ಚೇಟ್ಟನ್, ತಮಿಳಿಗೆ ತಂಬಿ, ಕನ್ನಡಕ್ಕೆ ತಮ್ಮ. ತಲೆಬರಹಕ್ಕೆಂದೇ, ದಪ್ಪವನ್ನು ಮೊದಲಿನಿಂದಲೇ ಲೆಕ್ಕಹಾಕಿ ಬರೆದ ಕನ್ನಡ ಅಕ್ಷರವದು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಅದೇ ಬಳಗ 2022ರಲ್ಲಿ ಹತ್ತು ಲಿಪಿಗಳ ‘ಅನೇಕ್’ ಕುಟುಂಬವನ್ನೂ ಕೊಟ್ಟಿತು. ಇವು ಸೆರಿಫ್ ಜಾತಿಯವಲ್ಲ. ದಪ್ಪ–ತೆಳುವಿನ ಶಾಸ್ತ್ರೀಯ ರೂಪ ಬೇಕೆಂದರೆ ನೋಟೋ ಸೆರಿಫ್ ಕನ್ನಡ ತೆಳುವಿನಿಂದ ಅತಿದಪ್ಪದವರೆಗೆ ದೊರೆಯುತ್ತದೆ. ಸಾಹಿತ್ಯದ ಪುಟಗಳಿಗಾಗಿ ಮಾಡಿದ ಸುಂದರವಾದ ‘ಟಿರೊ ಕನ್ನಡ’ಕ್ಕೆ ದಪ್ಪ ರೂಪವೇ ಇಲ್ಲ. ಕ್ಲಾರೆಂಡನ್ನಿಗೆ ಸಮವಾಗಿ, ತಲೆಕಟ್ಟನ್ನೇ ಭುಜಬಲವಾಗಿಸಿಕೊಂಡ, ಕದಂಬರ ಪೆಟ್ಟಿಗೆತಲೆಯ ನೆನಪುಳ್ಳ ಒಂದು ಕನ್ನಡ ಅಕ್ಷರವನ್ನು ನೋಡಬೇಕೆಂಬ ಆಸೆ ನನ್ನದು.

ಇದೆಲ್ಲ ಕೇವಲ ಸೊಗಸಿನ ವಿಚಾರವೇ ಎಂದು ಓದುಗರು ಕೇಳಬಹುದು. ಅಕ್ಷರದ ಗಾತ್ರ ಇಂದು ಕಾನೂನಿನ ವಿಷಯವೂ ಹೌದು. 2022ರ ತಿದ್ದುಪಡಿಯ ಪ್ರಕಾರ ಮಹಾರಾಷ್ಟ್ರದ ಅಂಗಡಿಗಳ ಫಲಕದಲ್ಲಿ ದೇವನಾಗರಿ ಲಿಪಿಯ ಮರಾಠಿ ಇರಬೇಕು. ಅದು ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಾಗಿರಕೂಡದು. ಕರ್ನಾಟಕ 2024ರಲ್ಲಿ ಫಲಕದ ಶೇಕಡಾ 60ರಷ್ಟು ಕನ್ನಡವಿರಬೇಕೆಂದು ವಿಧಿಸಿತು. ಎರಡು ರಾಜ್ಯಗಳೂ ಅಕ್ಷರವನ್ನು ಅಳತೆಪಟ್ಟಿಯಿಂದ ಅಳೆಯುತ್ತಿವೆ. ಎರಡೂ ಕಡೆಯ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಅಳತೆಪಟ್ಟಿ ಅಗಲವನ್ನು ಕೊಡಬಲ್ಲದು, ಓದುವ ಕಣ್ಣನ್ನು ಕೊಡಲಾರದು. ಚುಕ್ಕೆ ಮುಚ್ಚಿದ ಥಕಾರ ಶೇಕಡಾ ಅರವತ್ತನ್ನು ತುಂಬಿದರೂ ಧಕಾರವೇ.

ಆಟಕ್ಕೂ ಹೆಸರಿಗೂ ಇರುವ ನಂಟನ್ನು ಇಲ್ಲಿಯೇ ನೆನೆಯಬೇಕು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಋತುವಿನ ರಣಜಿ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ, ಪ್ರಸನ್ನ ನಾಯಕತ್ವದ ಕರ್ನಾಟಕ ತಂಡ ಸತತ ಹದಿನೈದು ವರ್ಷ ಟ್ರೋಫಿ ಬಿಟ್ಟುಕೊಡದಿದ್ದ ಬಾಂಬೆ ತಂಡವನ್ನು ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಹೊರದಬ್ಬಿತು. ಮುಂದೆ ರಾಜಸ್ಥಾನವನ್ನೂ ಸೋಲಿಸಿ ಮೊದಲ ಬಾರಿ ಟ್ರೋಫಿ ಗೆದ್ದಿತು. ಹೊಸ ಹೆಸರಿಗೆ ಮೈದಾನದಲ್ಲಿ ದೊರೆತ ಮೊದಲ ತೂಕ ಅದು. 2024ರ ಮಾರ್ಚ್‌ನಲ್ಲಿ ಐಪಿಎಲ್ ತಂಡ ತನ್ನ ಹೆಸರಿನಲ್ಲಿದ್ದ ‘ಬ್ಯಾಂಗಲೋರ್’ ಅನ್ನು ‘ಬೆಂಗಳೂರು’ ಎಂದು ತಿದ್ದಿಕೊಂಡಾಗಲೂ ಜನ ಸಂಭ್ರಮಿಸಿದ್ದು ಒಂದು ಕಾಗುಣಿತಕ್ಕಾಗಿ.

ಹೊರನಾಡಿನಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಭಾರವಿದೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮಾಟುಂಗದಲ್ಲಿ ಆರಂಭವಾದ ಮೈಸೂರು ಅಸೋಸಿಯೇಶನ್ ಇವೆಲ್ಲ ನಮ್ಮ ಹಿರಿಯರು ಕಟ್ಟಿಕೊಟ್ಟ ಪರಂಪರೆ. ಇಂಥ ಸಂಸ್ಥೆಗಳ ಶತಮಾನೋತ್ಸವಕ್ಕೆ ಲಾಂಛನ ಬರೆಸುವಾಗ ನಾವು ಇಂಗ್ಲಿಷಿನ ‘ಸ್ಥಾಪನೆ’ಯ ವರ್ಷಕ್ಕೆ ಕೊಡುವ ಗಮನವನ್ನು ಕನ್ನಡ ಹೆಸರಿನ ಒತ್ತಿಗೂ ಕೊಡಬೇಕು. ನಮ್ಮ ಮಕ್ಕಳಲ್ಲಿ ಹಲವರು ಕನ್ನಡ ಪುಸ್ತಕ ತೆರೆಯಲಾರರು. ಅವರು ಕಾಣುವ ಕನ್ನಡ ಬ್ಯಾನರಿನಲ್ಲಿ, ಯಕ್ಷಗಾನದ ಕರಪತ್ರದಲ್ಲಿ, ಅಂಗಿಯ ಎದೆಯ ಮೇಲೆ ಇರುವಷ್ಟೇ. ಅಲ್ಲಿ ಅಕ್ಷರ ತಪ್ಪಿದರೆ ತಿದ್ದಲು ಇನ್ನೊಂದು ಪುಟ ಅವರ ಬಳಿ ಇಲ್ಲ.

ನಮ್ಮ ಹುಡುಗರಿಗೆ ಬೈಯಲು ಮನಸ್ಸಾಗಲಿಲ್ಲ. ಅವರು ಕನ್ನಡ ಹಾಕಿಸಿದ್ದೇ ದೊಡ್ಡದು. ಒಂದು ಭಾನುವಾರ ಕಾಗದ, ಮಾರ್ಕರ್ ತೆಗೆದುಕೊಂಡು ಕುಳಿತು ‘ಮಹಾರಥಿ’ಯನ್ನು ದೊಡ್ಡದಾಗಿ ಬರೆದೆವು. ಬೋರ್ಡು ಬರೆಯುವವರ ಉಪಾಯವನ್ನೇ ಅನುಸರಿಸಿ ಥಕಾರದ ಹೊಟ್ಟೆಯನ್ನು ಹಿಗ್ಗಿಸಿ, ಗೋಡೆಯನ್ನು ಒಳಬದಿಯಲ್ಲಿ ತುಸು ಸವೆಸಿ, ಚುಕ್ಕೆಗೆ ಉಸಿರಾಡಲು ಜಾಗ ಮಾಡಿದೆವು. ಅಡಿಯ ಸೀಳನ್ನು ಬೆರಳು ಹೋಗುವಷ್ಟು ತೆರೆದೆವು. ಮುಂದಿನ ವರ್ಷದ ಅಂಗಿಗೆ ಅದೇ ಚಿತ್ರ ಹೋಯಿತು. ಮೊಮ್ಮಗ ಕಾಗದದ ಮೇಲೆ ಬೆರಳಾಡಿಸಿ ಒಂದೊಂದು ಅಕ್ಷರವನ್ನೂ ಕೇಳಿ ತಿಳಿದುಕೊಂಡ. ಮ, ಹಾ, ರ, ಥಿ. ಮಾರನೆಯ ದಿನ ಅವನ ಶಾಲೆಯ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಥಕಾರ ಐದಾರು ಬಾರಿ ಬರೆದಿತ್ತು. ಎಲ್ಲದರಲ್ಲಿಯೂ ಚುಕ್ಕೆ ಇತ್ತು.